ಸಬ್‌ವೂಫರ್ ಬೇರೆ, ಸ್ಪೀಕರ್ ಬೇರೆ ಅನ್ನಿಸದಂತೆ ಕೂಡಿಸುವುದು ಹೇಗೆ?

ಪ್ರಶ್ನೆ: ಸರ, ನಮ್ಮದು ಕಲಬುರಗಿ. ಪಡಸಾಲಿ 16 ಫೂಟು ಉದ್ದ, 12 ಫೂಟು ಅಗಲ, 10 ಫೂಟು ಎತ್ತರ ಅದ. ಕೆಳಗ ಶಹಾಬಾದ್ ಫರಸಿ, ಮ್ಯಾಲ ಆರ್‌ಸಿಸಿ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಡಿಎಸಿ (ಡಿಜಿಟಲ್ ಹಾಡನ್ನ ಅನಲಾಗ್ ಮಾಡೋದು), ಅಲ್ಲಿಂದ ಸ್ಟೀರಿಯೊ ಆಂಪ್ಲಿಫೈಯರ್, ಅದಕ್ಕ 5 ಇಂಚಿನ ವೂಫರ್ ಇರೋ ಬುಕ್‌ಶೆಲ್ಫ್ ಜೋಡಿ, ಹಿಂದ ಪೋರ್ಟ್ (ಗಾಳಿ ತೂತು) ಅದ. ಈಗ 10 ಇಂಚಿನ ಪವರ್ಡ್ ಸಬ್‌ವೂಫರ್ ತಂದು ಮೂಲ್ಯಾಗ ಇಟ್ಟೀನಿ. ಆಂಪ್ಲಿಫೈಯರ್‌ಗೆ ಸಬ್ ಔಟ್ ಇಲ್ಲ, ಅದಕ್ಕ ಸ್ಪೀಕರ್ ಟರ್ಮಿನಲ್‌ನಿಂದನ ಸಬ್‌ಗೆ ವೈರ್ ಕೊಟ್ಟೀನಿ. ಕ್ರಾಸ್‌ಓವರ್ ಗುಂಡಿ 120ಕ್ಕ ಅದ. ನಾವು ಕೂಡೋ ದಿವಾನ ಹಿಂದಿನ ಗ್ವಾಡಿಗೆ ಹಚ್ಚಿ ಅದ. ಕೆಲವು ಸ್ವರ ಗುಂಯ್ ಅಂತ ಉಬ್ಬತಾವ, ಕೆಲವು ಕೇಳಸೂದೇ ಇಲ್ಲ. ಗಂಡಸರ ದನಿ ಮೂಲಿಯಿಂದ ಬಂದಂಗ ಅನಸ್ತದ. ಜೊತಿಗೆ ಸಣ್ಣಗ ಹಮ್ಮಿಂಗ್ ಅದ. ಬ್ಯಾರೆ ಕ್ರಾಸ್‌ಓವರ್ ಡಬ್ಬಿ ತಗೋಬೇಕೇನು? ತಗೊಂಡ್ರ ಎಲ್ಲಿ ಜೋಡಿಸ್ಬೇಕು?

ಉತ್ತರ:

ಕ್ರಾಸ್‌ಓವರ್ ಡಬ್ಬಿ, ಅಂದರೆ ಕೆಳಗಿನ ಸ್ವರಗಳನ್ನು ಸಬ್‌ಗೆ, ಮೇಲಿನವನ್ನು ಸ್ಪೀಕರ್‌ಗೆ ಹಂಚುವ ಸಾಧನ, ತೆಗೆದುಕೊಳ್ಳಿ, ಲಾಭವಿದೆ. ಆದರೆ ಇವತ್ತೇ ಬೇಡ. ನೀವು ಬರೆದ ನಾಲ್ಕು ತೊಂದರೆಗಳಲ್ಲಿ ಸ್ವರ ಉಬ್ಬುವುದು ಮತ್ತು ಮಾಯವಾಗುವುದು ಸಬ್ ಇಟ್ಟ ಜಾಗ ಹಾಗೂ ದಿವಾನದ ಜಾಗದಿಂದ ಬಂದಿವೆ. ದನಿ ಮೂಲೆಯಿಂದ ಬರುವುದಕ್ಕೆ 120ಕ್ಕಿಟ್ಟ ಗುಂಡಿ ಕಾರಣ. ಹಮ್ಮಿಂಗ್ ಅರ್ಥಿಂಗ್‌ಗೆ ಸಂಬಂಧಿಸಿದ್ದು. ಮೊದಲು ಖರ್ಚಿಲ್ಲದ ಕೆಲಸ ಮುಗಿಸೋಣ. ಅದಾದ ಮೇಲೆ ಡಬ್ಬಿ ಏನು ಮಾಡುತ್ತದೆ ಎನ್ನುವುದು ನಿಮ್ಮ ಕಿವಿಗೇ ತಿಳಿಯುತ್ತದೆ.

ಸಬ್ ಹಿಂದಿನ ಗುಂಡಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಅದನ್ನು 120ಕ್ಕೆ ಇಟ್ಟರೆ 120ರ ಕೆಳಗಿನದು ಸಬ್‌ಗೆ, ಮೇಲಿನದು ಸ್ಪೀಕರ್‌ಗೆ ಹಂಚಿಕೆಯಾಗುತ್ತದೆ ಎಂದುಕೊಳ್ಳುತ್ತಾರೆ. ಆ ಗುಂಡಿ ಸಬ್‌ನ ಮೇಲಿನ ತುದಿಯನ್ನು ಮಾತ್ರ ಕತ್ತರಿಸುತ್ತದೆ, ನಿಮ್ಮ ಸ್ಪೀಕರಿಗೆ ಅದರ ಸುದ್ದಿಯೇ ಇಲ್ಲ. ಅವು ತಮ್ಮ ಶಕ್ತಿಯಿದ್ದಷ್ಟು ಕೆಳಗಿನವರೆಗೆ ನುಡಿಯುತ್ತಲೇ ಇರುತ್ತವೆ. ಹೀಗಾಗಿ 60ರಿಂದ 120 ಹರ್ಟ್ಜ್‌ವರೆಗಿನ ಸ್ವರಗಳನ್ನು ಈಗ ಸಬ್ ಮತ್ತು ಸ್ಪೀಕರ್ ಎರಡೂ ನುಡಿಸುತ್ತಿವೆ. ಕತ್ತರಿಸುವುದೂ ಗೋಡೆ ಕಟ್ಟಿದಂತೆ ಅಲ್ಲ. ಸಬ್‌ನ ಫಿಲ್ಟರ್ ಪ್ರತಿ ಆಕ್ಟೇವ್‌ಗೆ, ಅಂದರೆ ಹರ್ಟ್ಜ್ ಇಮ್ಮಡಿಯಾದಾಗಲೊಮ್ಮೆ, 12 ಡೆಸಿಬೆಲ್ ಇಳಿಯುವಂಥದ್ದಾದರೆ, 240 ಹರ್ಟ್ಜ್‌ನಲ್ಲೂ ಅದು ಬರೀ 12 ಡೆಸಿಬೆಲ್ ಕೆಳಗಿರುತ್ತದೆ. ಗಂಡಸಿನ ಮಾತಿನ ಮೂಲಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಜ್ ನಡುವೆ ಇರುತ್ತದೆ. ಅದೆಲ್ಲ ಈಗ ಮೂಲೆಯಿಂದ ಹೊರಡುತ್ತಿದೆ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗುರುತು ಹತ್ತುವುದು ಕಷ್ಟ. ನೂರು ದಾಟಿದರೆ ಹತ್ತುತ್ತದೆ.

ಇನ್ನು ನಿಮ್ಮ ಪಡಸಾಲೆ. ಸಬ್‌ವೂಫರ್ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದ ಮನೆಗಳನ್ನು ನೋಡಿ ಬರೆದವು. ಆ ಗೋಡೆಗಳು ಬೇಸ್ ಬಡಿದಾಗ ತುಸು ಅಲುಗಿ ಅದನ್ನು ಹೀರಿಕೊಳ್ಳುತ್ತವೆ. ನಮ್ಮ ಕಡೆಯ ಕಲ್ಲು, ಇಟ್ಟಿಗೆಯ ಗೋಡೆ, ಕೆಳಗಿನ ಫರಸಿ, ಮೇಲಿನ ಸ್ಲ್ಯಾಬ್ ಅಲುಗುವುದಿಲ್ಲ. ಬಂದ ಬೇಸನ್ನು ಬಹುಪಾಲು ಹಾಗೇ ಹಿಂದಕ್ಕೆ ಕಳಿಸುತ್ತವೆ. ಎದುರುಬದುರು ಗೋಡೆಗಳ ನಡುವೆ ಅಲೆ ನಿಂತುಬಿಡುತ್ತದೆ. ನಿಲ್ಲುವ ಮೊದಲ ಸ್ವರದ ಲೆಕ್ಕ ಸುಲಭ: ಶಬ್ದದ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿ. ವೇಗ ಸೆಕೆಂಡಿಗೆ 345 ಮೀಟರ್ ಎಂದು ಹಿಡಿದರೆ ನಿಮ್ಮ 16 ಅಡಿಗೆ 35 ಹರ್ಟ್ಜ್, 12 ಅಡಿಗೆ 47, ಎತ್ತರಕ್ಕೆ 57. ಉದ್ದದ ಎರಡನೆಯ ಅಲೆ 71ಕ್ಕೆ ಬರುತ್ತದೆ.

ಈ ಅಲೆಗಳು ಗೋಡೆಯ ಬುಡದಲ್ಲಿ ಅತಿ ಜೋರು. ಮೂಲೆಯಲ್ಲಿ ಸಬ್ ಇಟ್ಟರೆ ಮೂರೂ ದಿಕ್ಕಿನ ಅಲೆಗಳು ಪೂರ್ತಿ ಎದ್ದು ನಿಲ್ಲುತ್ತವೆ. ನಿಮ್ಮ ದಿವಾನ ಹಿಂದಿನ ಗೋಡೆಗೆ ತಾಗಿದೆ, ಅಂದರೆ ಉದ್ದದ 35 ಮತ್ತು 71 ಎರಡೂ ನಿಮ್ಮ ಕಿವಿಯ ಹತ್ತಿರ ತುತ್ತತುದಿಯಲ್ಲಿವೆ. ಗುಂಯ್ ಎನ್ನುವುದು ಇದೇ. ಅಗಲದ ನಟ್ಟನಡುವೆ ಕೂತರೆ 47ರ ಅಲೆ ಅಲ್ಲಿ ಸೊನ್ನೆಯ ಹತ್ತಿರ ಬರುತ್ತದೆ; ಕೇಳಿಸದ ಸ್ವರಗಳಿಗೆ ಇದು ಕಾರಣ. ಹಿಂದುಸ್ತಾನಿ ಗಾಯನ ಕೇಳುವವರಾದರೆ ಇನ್ನೊಂದನ್ನು ಗಮನಿಸಿ. ಕರಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಕೀಲಿಯ) ಪಟ್ಟಿಯಲ್ಲಿ ಹಾಡುವ ಗಾಯಕರ ಷಡ್ಜ 138 ಹರ್ಟ್ಜ್ ಹತ್ತಿರ, ತಂಬೂರಿಯ ಖರಜದ ತಂತಿ ಅದರರ್ಧ, 69. ನಿಮ್ಮ ಪಡಸಾಲೆಯ 71ಕ್ಕೆ ಅದು ಅಂಟಿಕೊಂಡೇ ಇದೆ. ಹಾಡಿನುದ್ದಕ್ಕೂ ಆ ಒಂದು ತಂತಿ ಉಬ್ಬಿ ಉಬ್ಬಿ ಬರುತ್ತಿದ್ದರೆ ಧ್ವನಿಮುದ್ರಣವನ್ನೋ ಸಬ್ ಅನ್ನೋ ದೂರಬೇಡಿ.

ಹಾಗಾದರೆ ಮೊದಲ ಕೆಲಸ, ದಿವಾನವನ್ನು ಗೋಡೆಯಿಂದ 3 ಅಡಿ ಮುಂದೆ ತನ್ನಿ. ಲೆಕ್ಕದ ಪ್ರಕಾರ 71ರ ಉಬ್ಬು ಅಲ್ಲಿ ಸುಮಾರು 8 ಡೆಸಿಬೆಲ್ ಇಳಿಯುತ್ತದೆ. 2 ಅಡಿ ತಂದರೆ 3 ಡೆಸಿಬೆಲ್ ಮಾತ್ರ. ಮನೆಯಲ್ಲಿ ಅಷ್ಟು ಜಾಗ ಬಿಡಲು ಒಪ್ಪದಿದ್ದರೆ ಕೇಳುವಾಗ ಮಾತ್ರ ಒಂದು ಕುರ್ಚಿ ಮುಂದೆ ಹಾಕಿಕೊಂಡು ಕೂಡಿ, ಅಷ್ಟೇ ಫಲ ಸಿಗುತ್ತದೆ.

ಎರಡನೆಯದು ಸಬ್‌ನ ಜಾಗ. ಸಬ್ ಅನ್ನೇ ನೀವು ಕೂಡುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಆದಷ್ಟು ಹತ್ತಿರ ಇಡಿ. ಗಟ್ಟಿಯಾದ ಸ್ಟೂಲು ಸಾಕು. ಬೇಸ್ ಮೇಲೆ ಕೆಳಗೆ ಓಡಾಡುವ ಒಂದು ಹಾಡು ಹಚ್ಚಿ. ಈಗ ನೀವು ಮುಂದಿನ ಗೋಡೆಯ ಉದ್ದಕ್ಕೂ, ಪಕ್ಕದ ಗೋಡೆಗಳ ಬುಡದಲ್ಲೂ ತಲೆ ತಗ್ಗಿಸಿಕೊಂಡು ಅರ್ಧರ್ಧ ಮೀಟರಿಗೊಮ್ಮೆ ನಿಂತು ಕೇಳಿ. ಎಲ್ಲಿ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೇಳುತ್ತವೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ, ಸಬ್ ಅನ್ನು ಅಲ್ಲಿಗೆ ಒಯ್ಯಿರಿ. ಜೋರಾಗಿ ಕೇಳುವ ಜಾಗವನ್ನು ಆರಿಸಬೇಡಿ, ಸಮನಾಗಿ ಕೇಳುವ ಜಾಗವನ್ನು ಆರಿಸಿ. ನಿಮ್ಮ ಅಳತೆಗೆ ಮುಂದಿನ 12 ಅಡಿ ಗೋಡೆಯ ಮಧ್ಯಭಾಗ, ಎರಡು ಸ್ಪೀಕರ್‌ಗಳ ನಡುವೆ, ಮೊದಲು ಪರೀಕ್ಷಿಸಬೇಕಾದ ಜಾಗ. ಅಲ್ಲಿಟ್ಟ ಸಬ್ ಅಗಲದ 47ರ ಅಲೆಯನ್ನು ಎಬ್ಬಿಸುವುದೇ ಇಲ್ಲ. ಸ್ಪೀಕರ್‌ಗಳಿಗೂ ಸಬ್‌ಗೂ ನಿಮ್ಮಿಂದ ಇರುವ ದೂರ ಹೆಚ್ಚುಕಡಿಮೆ ಒಂದೇ ಆಗುವುದರಿಂದ ಮುಂದೆ ಫೇಸ್, ಅಂದರೆ ಎರಡರ ಅಲೆಗಳ ತಾಳ, ಹೊಂದಿಸುವ ಕೆಲಸವೂ ಹಗುರಾಗುತ್ತದೆ. ಮೂಲೆ ಬಿಟ್ಟಾಗ ಸಬ್ ಸಪ್ಪೆಯಾಯಿತು ಅನ್ನಿಸುತ್ತದೆ. ಒಂದೆರಡು ದಿನ ತಾಳಿಕೊಳ್ಳಿ, ಇಷ್ಟು ದಿನ ಕೇಳಿದ್ದು ಪಡಸಾಲೆಯ ಸದ್ದು.

ಫರಸಿಯ ಮೇಲೆ ಮೊಳೆಯಂಥ ಸ್ಪೈಕ್ ಬೇಕಿಲ್ಲ, ಕಲ್ಲು ಗೀರುತ್ತದೆ. ದಪ್ಪ ರಬ್ಬರ್ ಪಾದ ಸಾಕು. ಆದರೆ ಸಬ್ ಇಡುವ ಫರಸಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕೆಳಗೆ ಗಾರೆ ಬಿಟ್ಟು ಪೊಳ್ಳಾಗಿದ್ದರೆ ಡಬಡಬ ಅನ್ನುತ್ತದೆ, ಅದು ಬೇಸಿನ ಜೊತೆ ಸೇರಿ ಗಲಗಲಿಸುತ್ತದೆ. ಪಕ್ಕದ ಕಲ್ಲಿಗೆ ಸರಿಸಿ.

ಸ್ಪೀಕರ್‌ಗಳನ್ನೂ ಒಮ್ಮೆ ನೋಡಿ. ವೂಫರ್ ಕೋನ್ ತನ್ನ ಬೆನ್ನಿಗಿರುವ ಗೋಡೆಯಿಂದ 3 ಅಡಿ ಇದ್ದರೆ 95 ಹರ್ಟ್ಜ್ ಹತ್ತಿರ, 4 ಅಡಿ ಇದ್ದರೆ 71ರ ಹತ್ತಿರ ಒಂದು ಹಳ್ಳ ಬೀಳುತ್ತದೆ. ಗೋಡೆಗೆ ಬಡಿದು ಮರಳಿದ ಅಲೆ ಮುಂದಿನ ಅಲೆಯನ್ನು ಅಳಿಸುವುದರಿಂದ ಹೀಗಾಗುತ್ತದೆ. ಕ್ರಾಸ್‌ಓವರ್ ಬೀಳುವ ಜಾಗವೇ ಅದು. ಈ ಹಳ್ಳವನ್ನು ಯಾವ ಫಿಲ್ಟರೂ ತುಂಬಲಾರದು. ಸ್ಪೀಕರ್ ಆ ಗೋಡೆಗೆ ಇನ್ನಷ್ಟು ಹತ್ತಿರ ಸರಿದರೆ ಹಳ್ಳ ಮೇಲಿನ ಸ್ವರಕ್ಕೆ ಸರಿದು ಈ ಜಾಗ ತುಂಬುತ್ತದೆ.

ಈಗ ಇರುವ ಜೋಡಣೆಯಲ್ಲೇ, ಅಂದರೆ ಸ್ಪೀಕರ್ ಪೂರ್ತಿ ನುಡಿಯುತ್ತಿರುವಾಗ, ಸಬ್ ಹೊಂದಿಸುವ ಬಗೆ. ಸ್ಪೀಕರ್‌ನ ಪೋರ್ಟಿಗೆ ಒಗೆದ ಕಾಲುಚೀಲ ಸುರುಳಿ ಮಾಡಿ ಬಿಗಿಯಾಗಿ ತುರುಕಿ. ಪೋರ್ಟ್ ಇರುವ ಪೆಟ್ಟಿಗೆ ಕೆಳಗಡೆ ಆಕ್ಟೇವ್‌ಗೆ 24 ಡೆಸಿಬೆಲ್ ವೇಗದಲ್ಲಿ ಬೀಳುತ್ತದೆ, ಪೋರ್ಟ್ ಮುಚ್ಚಿದರೆ ಸೀಲ್ಡ್ ಪೆಟ್ಟಿಗೆಯಂತೆ 12ರ ಇಳಿಜಾರಿನಲ್ಲಿ ನಿಧಾನ ಇಳಿಯುತ್ತದೆ. ನಿಧಾನ ಇಳಿಯುವುದಕ್ಕೆ ಸಬ್ ಹೊಲಿಯುವುದು ಸುಲಭ. ಸಬ್‌ನ ಗುಂಡಿಯನ್ನು 120ರಿಂದ 60ಕ್ಕೆ ಇಳಿಸಿ, ಅಲ್ಲಿಂದ ಕಿವಿಗೆ ಬೇಕೆನಿಸಿದಷ್ಟು ಮಾತ್ರ ಏರಿಸಿ. 5 ಇಂಚಿನ ವೂಫರ್‌ಗೆ 60ರಿಂದ 70 ನಡುವೆ ಎಲ್ಲೋ ಅದು ಕೂಡಿಕೊಳ್ಳುತ್ತದೆ. ಗುಂಡಿಯ ಸುತ್ತ ಅಚ್ಚು ಹಾಕಿದ ಅಂಕಿಗಳನ್ನು ತೀರಾ ನಂಬಬೇಡಿ. 60 ಎಂದಿರುವಲ್ಲಿ ನಿಜಕ್ಕೂ 75 ಇರುವುದು ಅಪರೂಪವೇನಲ್ಲ.

ಸ್ಪೀಕರ್ ಟರ್ಮಿನಲ್‌ನಿಂದ ಸಬ್‌ನ ಹೈ ಲೆವೆಲ್ ಇನ್‌ಪುಟ್‌ಗೆ ಕೊಟ್ಟಿದ್ದು ಸರಿಯಾದ ಕ್ರಮವೇ. ಸಬ್ ಅಲ್ಲಿಂದ ಸಂಕೇತವನ್ನಷ್ಟೇ ತೆಗೆದುಕೊಳ್ಳುತ್ತದೆ, ಕರೆಂಟ್ ಎಳೆಯುವುದಿಲ್ಲ, ಆದ್ದರಿಂದ 0.5 ಚದರ ಮಿಲಿಮೀಟರ್ ವೈರ್ ಸಾಕು. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ನಿಮ್ಮ ಆಂಪ್ಲಿಫೈಯರ್ ಟಿಪಿಎ 3116ರಂಥ ಕ್ಲಾಸ್ ಡಿ ಬೋರ್ಡಿನದಾಗಿದ್ದರೆ ಅದರ ಮೈನಸ್ ಟರ್ಮಿನಲ್ ಗ್ರೌಂಡ್ ಅಲ್ಲ, ಅದರಲ್ಲೂ ಸಂಕೇತ ಓಡುತ್ತಿರುತ್ತದೆ. ಎಡ ಬಲದ ಮೈನಸ್‌ಗಳನ್ನು ಸಬ್‌ನಲ್ಲಿ ಒಂದಕ್ಕೊಂದು ಕೂಡಿಸಿದರೆ, ಅಥವಾ ಗ್ರೌಂಡಿಗೆ ಮುಟ್ಟಿಸಿದರೆ ಐಸಿ ಸುಟ್ಟೇ ಹೋಗಬಹುದು. ಅಂಥ ಆಂಪ್ಲಿಫೈಯರ್ ಆದರೆ ಹೈ ಲೆವೆಲ್ ದಾರಿ ಬಿಟ್ಟು ಡಿಎಸಿಯಿಂದಲೇ ಸಬ್‌ಗೆ ಲೈನ್ ಕೊಡಿ.

ಮುಂದೆ ಪೊಲಾರಿಟಿ (ಪ್ಲಸ್, ಮೈನಸ್ ದಿಕ್ಕು), ಫೇಸ್. ಇದನ್ನು ಬರೀ ಕಿವಿಯಿಂದ ಮಾಡಹೋದರೆ ದಿನಕ್ಕೊಂದು ಉತ್ತರ ಬರುತ್ತದೆ. ಫೋನಿಗೆ ಒಂದು ಸೌಂಡ್ ಮೀಟರ್ ಆ್ಯಪ್, ಲ್ಯಾಪ್‌ಟಾಪಿಗೆ ಒಂದು ಟೋನ್ ಜನರೇಟರ್ ಹಾಕಿಕೊಳ್ಳಿ. ಆ್ಯಪ್‌ನಲ್ಲಿ ಎ ವೇಟಿಂಗ್ ಇದ್ದರೆ ಸಿಗೆ ಬದಲಿಸಿ. ಎ ವೇಟಿಂಗ್ 50 ಹರ್ಟ್ಜ್ ಸದ್ದನ್ನು 30 ಡೆಸಿಬೆಲ್ ಕಡಿಮೆ ಮಾಡಿ ತೋರಿಸುತ್ತದೆ, ಬೇಸ್ ಅಳೆಯಲು ಅದು ಉಪಯೋಗಕ್ಕೆ ಬಾರದು. ಫೋನಿನ ಮೈಕ್ ಕೆಳಸ್ವರಗಳಲ್ಲಿ ನಿಖರವಲ್ಲ, ಆದರೆ ಒಂದೇ ಸ್ವರದಲ್ಲಿ ಮೊದಲೆಷ್ಟು, ಆಮೇಲೆಷ್ಟು ಎಂದು ಹೋಲಿಸಲು ನಡೆಯುತ್ತದೆ.

ಫೋನನ್ನು ನಿಮ್ಮ ಕಿವಿಯ ಜಾಗದಲ್ಲಿ ಅಲುಗದಂತೆ ಇಡಿ. ಎರಡರ ಸದ್ದೂ ಸೇರುವ ಸ್ವರ, ಈಗ 65 ಎಂದುಕೊಳ್ಳೋಣ, ಸಣ್ಣ ವಾಲ್ಯೂಮಿನಲ್ಲಿ ಹಚ್ಚಿ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ಎಡೆಬಿಡದ ಟೋನ್ ವಾಯ್ಸ್ ಕಾಯಿಲ್ ಅನ್ನು ಕಾಯಿಸುತ್ತದೆ. ಸಬ್ ಆಫ್ ಮಾಡಿ ಸ್ಪೀಕರ್ ಅಳೆಯಿರಿ, ಬಳಿಕ ಸ್ಪೀಕರ್ ವೈರ್ ಬಿಡಿಸಿ ಸಬ್ ಅಳೆದು, ಸಬ್‌ನ ವಾಲ್ಯೂಮ್ ಗುಂಡಿಯಿಂದ ಎರಡನ್ನೂ ಸಮ ಮಾಡಿ. ಇವೆರಡೂ 70 ಬಂತೆನ್ನಿ. ಈಗ ಒಟ್ಟಿಗೆ ನುಡಿಸಿದರೆ 76 ಬರಬೇಕು. ಒಂದೇ ತಾಳದಲ್ಲಿ ಹೋಗುತ್ತಿರುವ ಎರಡು ಸಮ ಅಲೆಗಳು 6 ಡೆಸಿಬೆಲ್ ಕೂಡಿಸುತ್ತವೆ. 73 ಬಂದರೆ ಕಾಲು ಸುತ್ತಿನಷ್ಟು ಹಿಂದುಮುಂದು ಇವೆ. 70ಕ್ಕಿಂತ ಕೆಳಗೆ ಹೋದರೆ ಒಂದನ್ನೊಂದು ಅಳಿಸುತ್ತಿವೆ, 0–180 ಸ್ವಿಚ್ ಬದಲಿಸಿ. ಸುತ್ತುವ ಫೇಸ್ ಗುಂಡಿ ಇರುವ ಸಬ್ ಆದರೆ ಇನ್ನೊಂದು ಉಪಾಯವಿದೆ: ಬೇಕೆಂದೇ ಸಬ್ ಅನ್ನು ಉಲ್ಟಾ ಮಾಡಿ, ಗುಂಡಿ ತಿರುಗಿಸುತ್ತ ಸದ್ದು ಅತಿ ಕಡಿಮೆಯಾಗುವ ಜಾಗ ಹುಡುಕಿ, ಬಳಿಕ ಸ್ವಿಚ್ ಮರಳಿ ಸುಲ್ಟಾ ಮಾಡಿ. ಶಿಖರದ ತುದಿ ಮೊಂಡಾಗಿರುತ್ತದೆ, ಹಳ್ಳದ ತಳ ಚೂಪಾಗಿರುತ್ತದೆ. ಹಳ್ಳ ಹುಡುಕಿದರೆ ನಿಖರವಾಗಿ ಸಿಗುತ್ತದೆ.

ಒಳಗೆ ಡಿಎಸ್‌ಪಿ (ಸಂಕೇತವನ್ನು ಡಿಜಿಟಲ್ ಆಗಿ ತಿದ್ದುವ ಚಿಪ್) ಇರುವ ಸಬ್‌ಗಳು ಸಂಕೇತವನ್ನು ಕೆಲವು ಮಿಲಿಸೆಕೆಂಡ್ ತಡಮಾಡಿ ಕೊಡುತ್ತವೆ. ಒಂದು ಮಿಲಿಸೆಕೆಂಡ್ ಎಂದರೆ ಸಬ್ 34 ಸೆಂಟಿಮೀಟರ್ ಹಿಂದೆ ಹೋದಂತೆ. 80 ಹರ್ಟ್ಜ್ ಅಲೆಯ ಉದ್ದ 4.3 ಮೀಟರ್ ಇರುವುದರಿಂದ ಒಂದಡಿ ಆಚೀಚೆಗೆ ಚಿಂತಿಸಬೇಕಿಲ್ಲ, ಒಂದು ಮೀಟರ್ ಆದರೆ ಫೇಸ್ ಗುಂಡಿಯನ್ನು ಮತ್ತೆ ಮುಟ್ಟಲೇಬೇಕು.

ಇಷ್ಟಕ್ಕೇ ನಿಮ್ಮ ತೊಂದರೆ ಮುಕ್ಕಾಲು ಪಾಲು ಹೋಗಿರುತ್ತದೆ. ಉಳಿದ ಕಾಲು ಪಾಲಿಗೆ ಡಬ್ಬಿ. ಅದು ಕೊಡುವ ದೊಡ್ಡ ಲಾಭ ಸಬ್‌ಗೆ ಅಲ್ಲ, ಸ್ಪೀಕರ್‌ಗಳಿಗೆ. ಅದೇ ಜೋರಿನ ಸದ್ದಿಗೆ ಸ್ವರ ಒಂದು ಆಕ್ಟೇವ್ ಕೆಳಗಿಳಿದರೆ ಕೋನ್ ನಾಲ್ಕು ಪಟ್ಟು ಹೆಚ್ಚು ಅಲುಗಬೇಕು. 5 ಇಂಚಿನ ವೂಫರ್ ಡಗ್ಗಾದ ಪೆಟ್ಟಿಗೆ ಓಡಾಡುತ್ತಲೇ ಗಾಯಕನ ದನಿಯನ್ನೂ ಹೊರಬೇಕಾದಾಗ ದನಿ ಕಲಕುತ್ತದೆ. 80ರ ಕೆಳಗಿನದನ್ನು ಸ್ಪೀಕರಿಗೆ ಹೋಗದಂತೆ ತಡೆದರೆ ವೂಫರ್ ಹಗುರಾಗುತ್ತದೆ, ಆಂಪ್ಲಿಫೈಯರ್ ಕೂಡ. ದನಿ ತಿಳಿಯಾಗುವುದು ಮೊದಲ ಹಾಡಿನಲ್ಲೇ ಗೊತ್ತಾಗುತ್ತದೆ. ಹೀಗೆ ಕೆಳಗಿನದನ್ನು ತಡೆಯುವ ಫಿಲ್ಟರಿಗೆ ಹೈಪಾಸ್ ಎನ್ನುತ್ತಾರೆ. ಹೈಪಾಸ್ ಇಲ್ಲದ ಸಬ್ ಜೋಡಣೆಯನ್ನು ನಾನು ಅರ್ಧ ಕೆಲಸ ಎಂದೇ ಎಣಿಸುತ್ತೇನೆ.

ಎಲ್ಲಿ ಜೋಡಿಸಬೇಕು ಎನ್ನುವ ನಿಮ್ಮ ಪ್ರಶ್ನೆಯಲ್ಲೇ ಜನ ಎಡವುತ್ತಾರೆ. ಕ್ರಾಸ್‌ಓವರ್ ವಾಲ್ಯೂಮ್ ಗುಂಡಿಯ ನಂತರ, ಪವರ್ ಆಂಪ್ಲಿಫೈಯರ್‌ಗಿಂತ ಮೊದಲು ಬರಬೇಕು. ಹಿಂದೆ ಪ್ರಿ ಔಟ್, ಮೇನ್ ಇನ್ ಎಂಬ ಜೋಡಿ ಕಿಂಡಿಗಳಿದ್ದರೆ ನಡುವಿನ ಕೊಂಡಿ ಕಿತ್ತು ಅಲ್ಲಿ ಸೇರಿಸಿ, ಕೆಲಸ ಮುಗಿಯಿತು. ನಿಮ್ಮದರಲ್ಲಿ ಸಬ್ ಔಟ್ ಇಲ್ಲ ಎಂದಿರಿ, ಇದೂ ಇರಲಾರದು. ಟೇಪ್ ಲೂಪ್ (ಟೇಪ್ ರೆಕಾರ್ಡರ್ ಜೋಡಿಸುವ ಕಿಂಡಿಗಳು) ಇದೆ ಎಂದು ಅಲ್ಲಿ ಹಾಕಬೇಡಿ. ಟೇಪ್ ಔಟ್ ವಾಲ್ಯೂಮ್‌ಗಿಂತ ಮೊದಲು ಬರುವುದರಿಂದ ನೀವು ವಾಲ್ಯೂಮ್ ಇಳಿಸಿದರೆ ಸ್ಪೀಕರ್ ಇಳಿಯುತ್ತದೆ, ಸಬ್ ಮಾತ್ರ ಹಾಗೇ ಗುಡುಗುತ್ತಿರುತ್ತದೆ. ಹೈಪಾಸ್ ಅನ್ನು ಅಲ್ಲಿಟ್ಟು ಸಬ್ ಅನ್ನು ಸ್ಪೀಕರ್ ಟರ್ಮಿನಲ್‌ನಿಂದ ತೆಗೆದರೆ ಸಬ್‌ಗೆ ಬೇಸ್ ಕಿತ್ತುಹಾಕಿದ ಸಂಕೇತ ಸಿಗುತ್ತದೆ. ಆಂಪ್ಲಿಫೈಯರ್ ಇನ್‌ಪುಟ್‌ಗೆ ಹೈಪಾಸ್ ಹಾಕಿ, ಸಬ್‌ನ ಹಳೆಯ ವೈರನ್ನು ಸ್ಪೀಕರ್ ಟರ್ಮಿನಲ್‌ನಲ್ಲೇ ಬಿಟ್ಟಾಗ ಆಗುವುದೂ ಇದೇ.

ನಿಮಗೆ ಒಂದು ಅನುಕೂಲವಿದೆ. ಹಾಡಿನ ಮೂಲ ಲ್ಯಾಪ್‌ಟಾಪ್ ಆದ್ದರಿಂದ ವಾಲ್ಯೂಮ್ ಅಲ್ಲೇ ತಿರುಗಿಸಬಹುದು. ಡಿಎಸಿಯಿಂದ ಕ್ರಾಸ್‌ಓವರ್‌ಗೆ, ಅದರ ಎಡ ಬಲದ ಎರಡೂ ಹೈ ಔಟ್‌ಪುಟ್ ಆಂಪ್ಲಿಫೈಯರ್‌ಗೆ, ಲೋ ಔಟ್‌ಪುಟ್ ಸಬ್‌ನ ಲೈನ್ ಇನ್‌ಗೆ. ಸಬ್‌ನ ಸ್ವಂತ ಗುಂಡಿಯನ್ನು ಈಗ ತುದಿಗೆ ತಿರುಗಿಸಿ, ಅಥವಾ ಎಲ್‌ಎಫ್‌ಇ ಎಂಬ ಕಿಂಡಿಗೆ ಕೊಡಿ. ಇಲ್ಲವಾದರೆ ಎರಡು ಫಿಲ್ಟರ್ ಒಂದರ ಮೇಲೊಂದು ಬಿದ್ದು ಫೇಸ್ ಕೆಡುತ್ತದೆ. ಆಂಪ್ಲಿಫೈಯರ್ ವಾಲ್ಯೂಮ್ ಅನ್ನು ಒಂದು ಗುರುತಿಗೆ ನಿಲ್ಲಿಸಿ ಮತ್ತೆ ಮುಟ್ಟಬೇಡಿ. ಆ ಗುರುತು ಎಲ್ಲಿರಬೇಕೆಂದರೆ, ಲ್ಯಾಪ್‌ಟಾಪ್ ಪೂರ್ತಿ ವಾಲ್ಯೂಮ್‌ಗೆ ಹೋದರೂ ಸ್ಪೀಕರ್ ಸಹಿಸುವಷ್ಟು ಮಾತ್ರ. ಯಾವುದೋ ನೋಟಿಫಿಕೇಶನ್ ಸದ್ದು ತುಂಬಿದ ವಾಲ್ಯೂಮಿನಲ್ಲಿ ಬಂದು ಟ್ವೀಟರ್ ಹೋಗಬಾರದು.

ಡಬ್ಬಿಯ ಆಯ್ಕೆ. ಮಿನಿಡಿಎಸ್‌ಪಿ 2×4ರಂಥದ್ದು ಕ್ರಾಸ್‌ಓವರ್, ವಿಳಂಬ, ಈಕ್ವಲೈಸರ್ ಮೂರನ್ನೂ ಮಾಡುತ್ತದೆ, ಹಣವಿದ್ದರೆ ಅದೇ ಸರಿ. ಡಿಜೆ ಸೆಟ್‌ಗಳಲ್ಲಿ ಬಳಸುವ ಕ್ರಾಸ್‌ಓವರ್ ಸಿಕ್ಕರೆ ನಡೆಯುತ್ತದೆ, ಆದರೆ ಅವು ಮನೆಯ ಲೈನ್‌ಗಿಂತ ಸುಮಾರು 12 ಡೆಸಿಬೆಲ್ ಜೋರಿನ ಸಂಕೇತಕ್ಕೆ ಮಾಡಿದವು. ಸಣ್ಣ ಸಂಕೇತ ಕೊಟ್ಟರೆ ಹಿಸ್ ಕೇಳಿಸಬಹುದು. ಅವುಗಳ ಗುಂಡಿ ನೂರಾರು ಹರ್ಟ್ಜ್ ಹರವಿನದು, 80 ಎನ್ನುವುದು ಮೊದಲ ಕೂದಲೆಳೆಯಲ್ಲೇ ದಾಟಿಹೋಗುತ್ತದೆ, ಎಡ ಬಲ ಸಮ ಮಾಡುವುದು ಕಷ್ಟ. ಸ್ಪೀಕರ್ ವೈರಿನಲ್ಲಿ ಕಾಯಿಲ್, ಕಂಡೆನ್ಸರ್ ಹಾಕುವ ಪ್ಯಾಸಿವ್ ಕ್ರಾಸ್‌ಓವರ್ ಅಂತೂ ಬೇಡ. 8 ಓಮ್‌ಗೆ 80 ಹರ್ಟ್ಜ್‌ನಲ್ಲಿ ಸಾದಾ ಒಂದು ಹಂತಕ್ಕೇ 250 ಮೈಕ್ರೋಫ್ಯಾರಡ್ ಕಂಡೆನ್ಸರ್, 16 ಮಿಲಿಹೆನ್ರಿ ಕಾಯಿಲ್ ಬೇಕು. ಅಷ್ಟಾದರೂ ಆ ಭಾಗದಲ್ಲಿ ಸ್ಪೀಕರ್ 8 ಓಮ್ ಆಗಿ ಉಳಿಯುವುದಿಲ್ಲ, ರೆಸೊನನ್ಸ್ ಹತ್ತಿರ ಅದರ ಇಂಪೀಡೆನ್ಸ್ ಹಲವು ಪಟ್ಟು ಏರುತ್ತದೆ, ಲೆಕ್ಕವೇ ತಲೆಕೆಳಗು.

ಸೋಲ್ಡರಿಂಗ್ ಬರುತ್ತಿದ್ದರೆ ಮನೆಯಲ್ಲೇ ಮಾಡುವುದು ನನ್ನ ಮೆಚ್ಚಿನ ದಾರಿ. 1976ರಲ್ಲಿ ಎಚ್‌ಪಿ ಕಂಪನಿಯ ಇಂಜಿನಿಯರುಗಳಾದ ಲಿಂಕ್‌ವಿಟ್ಜ್ ಮತ್ತು ರೈಲಿ ವಿವರಿಸಿದ 24 ಡೆಸಿಬೆಲ್ ಕ್ರಾಸ್‌ಓವರ್ ಇವತ್ತಿಗೂ ಇದಕ್ಕೆ ಹೇಳಿಮಾಡಿಸಿದ್ದು. ಕೂಡುವ ಸ್ವರದಲ್ಲಿ ಎರಡೂ ಕಡೆ 6 ಡೆಸಿಬೆಲ್ ಇಳಿದಿರುತ್ತವೆ, ಒಂದೇ ಫೇಸಿನಲ್ಲಿ ಸೇರಿ ಸಮತಟ್ಟಾಗುತ್ತವೆ. ಒಂದೇ ಬಗೆಯ ಎರಡು ಸ್ಯಾಲೆನ್‌ಕೀ (ಆಪ್‌ಆಂಪ್ ಐಸಿಯ ಸುತ್ತ ಕಟ್ಟುವ ಫಿಲ್ಟರ್) ಹಂತಗಳನ್ನು ಸಾಲಾಗಿ ಜೋಡಿಸಿದರೆ ಇದು ಸಿಗುತ್ತದೆ, ಅದೂ ಎರಡೇ ಅಳತೆಯ ಬಿಡಿಭಾಗಗಳಲ್ಲಿ: 15 ಕಿಲೋ ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕಂಡೆನ್ಸರ್. ಹೈಪಾಸ್ ಹಂತದಲ್ಲಿ ಎರಡು ಕಂಡೆನ್ಸರ್ ಸಾಲಾಗಿ, ನಡುವಿನಿಂದ ಔಟ್‌ಪುಟ್‌ಗೆ 15 ಕಿಲೋ, ಇನ್‌ಪುಟ್ ಪಿನ್‌ನಿಂದ ಗ್ರೌಂಡಿಗೆ 30 ಕಿಲೋ, ಅಂದರೆ ಎರಡು 15 ಸಾಲಾಗಿ. ಮೇಲಿನ ಸ್ವರ ತಡೆಯುವ ಲೋಪಾಸ್ ಹಂತದಲ್ಲಿ ಎರಡು 15 ಕಿಲೋ ಸಾಲಾಗಿ, ನಡುವಿನಿಂದ ಔಟ್‌ಪುಟ್‌ಗೆ ಎರಡು ಕಂಡೆನ್ಸರ್ ಪಕ್ಕಪಕ್ಕ, ಪಿನ್‌ನಿಂದ ಗ್ರೌಂಡಿಗೆ ಒಂದು. ಎರಡೂ 75 ಹರ್ಟ್ಜ್‌ಗೆ ಬರುತ್ತವೆ, ನಿಮ್ಮ ಸ್ಪೀಕರಿಗೆ ಒಪ್ಪುತ್ತದೆ. ಎಡ ಬಲಕ್ಕೆ ಹೈಪಾಸ್ ನಾಲ್ಕು ಹಂತ, ಸಬ್‌ಗೆ ಲೋಪಾಸ್ ಎರಡು ಹಂತ, ಒಟ್ಟು 16 ರೆಸಿಸ್ಟರ್, 14 ಕಂಡೆನ್ಸರ್. ರೆಸಿಸ್ಟರ್ 1 ಶೇಕಡಾ ಮೆಟಲ್ ಫಿಲ್ಮ್, ಕಂಡೆನ್ಸರ್ ಬಾಕ್ಸ್ ಪಾಲಿಯೆಸ್ಟರ್ ಇರಲಿ. ಫಿಲ್ಟರಿಗೆ ಬಿಲ್ಲೆಯಂಥ ಸೆರಾಮಿಕ್ ಬೇಡ, ಅವುಗಳ ಅಳತೆ ಬಿಸಿಗೆ ಓಡಾಡುತ್ತದೆ. ಬೇಸಿಗೆಯ ನಮ್ಮೂರಿನಲ್ಲಿ ಡಬ್ಬಿಯ ಒಳಗೆ 50 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ.

ಎಡ ಬಲ ಸಂಕೇತಗಳನ್ನು ಸಬ್‌ಗಾಗಿ ಒಂದು ಮಾಡುವಾಗ ವೈ ಕೇಬಲ್‌ನಿಂದ ನೇರ ಕೂಡಿಸಬೇಡಿ, ಒಂದು ಚಾನೆಲ್‌ನ ಔಟ್‌ಪುಟ್ ಇನ್ನೊಂದನ್ನು ಶಾರ್ಟ್ ಮಾಡಿದಂತಾಗುತ್ತದೆ, ಸ್ಟೀರಿಯೊ ಕೂಡ ಹೋಗಿ ಎರಡೂ ಕಡೆ ಒಂದೇ ಸದ್ದು ಬರುತ್ತದೆ. ಪ್ರತಿ ಚಾನೆಲ್‌ಗೆ ಒಂದು 10 ಕಿಲೋ ಓಮ್ ಹಾಕಿ, ಅವು ಕೂಡುವ ಬಿಂದುವಿನಿಂದ ಒಂದು ಆಪ್‌ಆಂಪ್ ಬಫರ್ ದಾಟಿಸಿ ಲೋಪಾಸ್‌ಗೆ ಕೊಡಿ. ಎನ್‌ಇ 5532 ನಾಲ್ಕು ಇದ್ದರೆ ಎಂಟು ಆಪ್‌ಆಂಪ್ ಆಯಿತು; ಏಳು ಬಳಕೆಗೆ, ಎಂಟನೆಯದು ಬೇಕಿದ್ದರೆ ಪೊಲಾರಿಟಿ ಉಲ್ಟಾ ಮಾಡಲು. ಬಿಡಿಭಾಗ ಊರಲ್ಲಿ ಸಿಗದಿದ್ದರೆ ಹೈದರಾಬಾದ್ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲ್ಲ ಒಂದೇ ಓಣಿಯಲ್ಲಿ ಸಿಗುತ್ತದೆ.

ಪವರ್ ಸಪ್ಲೈಗೆ 7812, 7912 ರೆಗ್ಯುಲೇಟರ್. ಟ್ರಾನ್ಸ್‌ಫಾರ್ಮರ್ ಮಾತ್ರ 12-0-12 ತರಬೇಡಿ, 15-0-15 ತನ್ನಿ. ಬೇಸಿಗೆ ಸಂಜೆ ಕೂಲರ್, ಎಸಿ ಎಲ್ಲ ಹತ್ತಿ ಲೈನ್ 180 ವೋಲ್ಟ್‌ಗೆ ಬಿದ್ದಾಗ 12ರ ಟ್ರಾನ್ಸ್‌ಫಾರ್ಮರ್‌ನಿಂದ ಡಿಸಿ 12.6ರ ಹತ್ತಿರ ಬರುತ್ತದೆ. ರೆಗ್ಯುಲೇಟರಿಗೆ 14ಕ್ಕಿಂತ ಮೇಲೆ ಬೇಕು. ಆಗ ಅದು ಕೈಬಿಟ್ಟು ಹಮ್ಮಿಂಗ್ ಒಳಬಿಡುತ್ತದೆ. ಫಿಲ್ಟರ್ ಕಂಡೆನ್ಸರ್ 1000 ಮೈಕ್ರೋಫ್ಯಾರಡ್, 35 ವೋಲ್ಟ್‌ನದು. 25ರದು ಲೈನ್ ಏರಿದಾಗ ತಡೆಯದು.

ಡಬ್ಬಿ ಬಂದ ಮೇಲೆ ಫೇಸ್ ಪರೀಕ್ಷೆಯನ್ನು ಈ ಸಲ 75ರಲ್ಲಿ ಮತ್ತೆ ಮಾಡಿ. ಬಳಿಕ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಭೋರ್ ಸದ್ದು) ಹಚ್ಚಿ ಸ್ಪೀಕರ್, ಸಬ್ ಬೇರೆಬೇರೆಯಾಗಿ ಸಮ ಮಾಡಿ, ಅಲ್ಲಿಂದ ಕಿವಿಗೆ ತಕ್ಕಂತೆ 2–3 ಡೆಸಿಬೆಲ್ ಆಚೀಚೆ. ಪರೀಕ್ಷೆಗೆ ವಾರ್ತೆ ಓದುವ ಗಂಡಸಿನ ದನಿ ಬಹಳ ಒಳ್ಳೆಯದು. ಸಬ್ ಆನ್, ಆಫ್ ಮಾಡಿದಾಗ ಆ ದನಿ ಬದಲಾಗಬಾರದು. ಬದಲಾದರೆ ಸಬ್ ಜೋರಾಗಿದೆ. ತಬಲಾದ ಡಗ್ಗಾ ಮೀಂಡ್ ಎಳೆದಾಗ ಸ್ವರ ಜಾರುವ ಹಾದಿಯಲ್ಲಿ ಎಲ್ಲೂ ಉಬ್ಬು, ಕುಸಿತ ಇರಬಾರದು. ಖರಜದ 69 ಇನ್ನೂ ತುಸು ಉಬ್ಬುತ್ತಿದ್ದರೆ ಲ್ಯಾಪ್‌ಟಾಪಿನಲ್ಲಿ ಈಕ್ವಲೈಸರ್ ಎಪಿಒ ಎಂಬ ಉಚಿತ ತಂತ್ರಾಂಶ ಹಾಕಿ 71ಕ್ಕೆ 4ರಿಂದ 6 ಡೆಸಿಬೆಲ್ ಇಳಿಸಿ. ಇಳಿಸುವುದು ಮಾತ್ರ. 47ರ ಹಳ್ಳ ತುಂಬಲೆಂದು 6 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಪವರ್ ಕೊಡಬೇಕು, ನೀವು ಕೂತಲ್ಲಿ ಅಲೆ ಅಳಿಸುತ್ತಲೇ ಇರುತ್ತದೆ, ಪಕ್ಕದ ಖೋಲಿಯವರಿಗೆ ಮಾತ್ರ ಕೇಳಿಸುತ್ತದೆ.

ಹಮ್ಮಿಂಗ್ ಪತ್ತೆ ಹಚ್ಚಲು ಸಬ್‌ಗೆ ಬರುವ ಎಲ್ಲ ಸಂಕೇತದ ವೈರ್ ಕಿತ್ತು ನೋಡಿ. ಇನ್ನೂ ಇದ್ದರೆ ಸಬ್‌ನ ಒಳಗಿನದು, ಗ್ಯಾರಂಟಿಯಲ್ಲಿ ತೋರಿಸಿ. ನಿಂತರೆ ಗ್ರೌಂಡ್ ಲೂಪ್, ಅಂದರೆ ಅರ್ಥ್‌ಗೆ ಒಂದಕ್ಕಿಂತ ಹೆಚ್ಚು ದಾರಿಯಾಗಿ ಸುತ್ತು ಬಿದ್ದಿದೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆಯಿರಿ, ಟಿವಿ ಅಥವಾ ಸೆಟ್‌ಟಾಪ್ ಬಾಕ್ಸ್ ಜೋಡಿಸಿದ್ದರೆ ಅದರ ಕೇಬಲ್ ಬಿಚ್ಚಿ. ಯಾವುದಕ್ಕೆ ನಿಲ್ಲುತ್ತದೋ ಅದೇ ದಾರಿ. ಎಲ್ಲವನ್ನೂ ಒಂದೇ ಸ್ಪೈಕ್ ಬೋರ್ಡಿಗೆ ತಂದರೆ ಬಹಳ ಸಲ ಹೋಗುತ್ತದೆ. ಮಲ್ಟಿಮೀಟರ್‌ನಿಂದ ಸಾಕೆಟ್‌ನ ನ್ಯೂಟ್ರಲ್, ಅರ್ಥ್ ನಡುವೆ ಅಳೆಯಿರಿ. 2–3 ವೋಲ್ಟ್ ಒಳಗಿದ್ದರೆ ಸರಿ, ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ನೆಲದ ಜೊತೆ ಸಂಪರ್ಕ ಕೆಡುತ್ತದೆ, ಆಗಾಗ ನೀರು ಹಾಕಬೇಕು. ಅರ್ಥ್ ಪಿನ್ ಮುರಿದರೆ ಹಮ್ಮಿಂಗ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಮ್ಮಿಂಗ್ ಹೋಗಬಹುದು, ಆದರೆ ಸಬ್ ಒಳಗೆ ಇನ್ಸುಲೇಶನ್ ಕೆಟ್ಟ ದಿನ ಅದರ ಲೋಹದ ಪ್ಲೇಟೇ ಶಾಕ್ ಕೊಡುತ್ತದೆ, ಜೀವ ಹೋಗಬಹುದು. ಆರ್‌ಸಿಎ ತಂತಿಗೆ ಹಾಕುವ ಅಗ್ಗದ ಗ್ರೌಂಡ್ ಲೂಪ್ ಐಸೊಲೇಟರ್ ಕೂಡ ಸಬ್‌ನ ದಾರಿಯಲ್ಲಿ ಬೇಡ. ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಕೆಳಗಿನ ಬೇಸನ್ನೇ ನುಂಗುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿದಾಗ ಮಾತ್ರ ಬರುವ ಝೇಂಕಾರ ಸ್ಕ್ವೇರ್ ವೇವ್ ಇನ್ವರ್ಟರಿನದು, ಜೋಡಣೆಯ ತಪ್ಪಲ್ಲ.

ಈ ಎಲ್ಲ ಅಳತೆಗಳನ್ನು ಏರ್ ಕೂಲರ್ ಬಂದ್ ಮಾಡಿ, ರಾತ್ರಿ ಊರು ಅಡಗಿದ ಮೇಲೆ ಮಾಡಿ. ಕೂಲರಿನ ಗಾಳಿಯ ಭೋರ್ ಸದ್ದು ಬೇಸನ್ನು ಮುಚ್ಚಿಹಾಕುತ್ತದೆ, ಅದು ಓಡುತ್ತಿರುವಾಗ ಸಬ್ ಹೊಂದಿಸಿದರೆ ಮಳೆಗಾಲಕ್ಕೆ ಮನೆಯೆಲ್ಲ ಗುಡುಗುತ್ತದೆ. ಕೂಲರ್ ಹಚ್ಚಿದಾಗ ಕಿಟಕಿ ತೆರೆದಿರುತ್ತದೆ, ಆಗ ಬೇಸ್‌ನ ಸ್ವಲ್ಪ ಭಾಗ ಹೊರಗೇ ಹೋಗುತ್ತದೆ. ಅದಕ್ಕೆ ಸಬ್‌ನ ವಾಲ್ಯೂಮ್ ಗುಂಡಿಯ ಪಕ್ಕ ಎರಡು ಗುರುತು ಹಾಕಿಡಿ, ಒಂದು ಕೂಲರ್ ಇಲ್ಲದ ದಿನಗಳಿಗೆ, ಇನ್ನೊಂದು ಅದಕ್ಕಿಂತ 3 ಡೆಸಿಬೆಲ್ ಮೇಲೆ, ಮಾರ್ಚ್‌ನಿಂದ ಜೂನ್‌ವರೆಗೆ. ಅಳತೆ ಮುಗಿಸಿದ ರಾತ್ರಿಯೇ 30ರಿಂದ 100 ಹರ್ಟ್ಜ್‌ವರೆಗೆ ಟೋನ್ ನಿಧಾನ ಏರಿಸುತ್ತ ಪಡಸಾಲೆ ಸುತ್ತಿ ಬನ್ನಿ. ಸ್ಟೀಲ್ ಅಲಮಾರಿಯ ಬಾಗಿಲು, ಷೋಕೇಸಿನ ಗಾಜು, ಅದರೊಳಗಿನ ಪಾತ್ರೆ, ಕಿಟಕಿಯ ಚಿಲಕ ಒಂದೊಂದು ಸ್ವರಕ್ಕೆ ಒಂದೊಂದು ಗಲಗಲ ಅನ್ನುತ್ತವೆ. ಆ ಗಲಗಲ ಸದ್ದೇ ಸಬ್ ಎಲ್ಲಿದೆಯೆಂದು ಕಿವಿಗೆ ಚಾಡಿ ಹೇಳುವುದು. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ, ಪಾತ್ರೆಯ ಕೆಳಗೆ ಬಟ್ಟೆ ಹಾಕಿ.